ಕಾಯಿಗೊಂದು ಕೋಣೆ, ಕಾರಿಗೊಂದು ಕೋಣೆ

ತಿಪಟೂರು ಸೀಮೆಯ ಹೊನ್ನವಳ್ಳಿಯ ಆ ಮನೆಗೆ ಈಗ ಮುಂಭಾಗ ಮಾತ್ರ ಇದೆ. ಎರಡು ಮಳೆಗಾಲದ ಕೆಳಗೆ ಹಿಂದಿನ ಗೋಡೆ ಕುಸಿಯಿತು. ಉಳಿದದ್ದು ಜಗುಲಿ, ಪಡಸಾಲೆ, ಅರ್ಧ ಅಟ್ಟ. ವಾರಗಿತ್ತಿಯರಿಬ್ಬರು ಪಕ್ಕದ ಬೀದಿಯ ಎರಡು ಬಾಡಿಗೆ ಕೋಣೆಗಳಲ್ಲಿ ಸಂಸಾರ ನಡೆಸುತ್ತಿದ್ದಾರೆ. ಹಿರಿಯಾಕೆಗೆ ಅರವತ್ತೆಂಟು ದಾಟಿದೆ. ಕಿರಿಯಾಕೆಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಈ ಸಲ ಮೊಬೈಲಿನಲ್ಲಿ ಹೊಸ ಮನೆಯ ನಕ್ಷೆ ತಂದಿದ್ದಾನೆ.

ದೊಡ್ಡಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಕನ್ನಡಕ ಬಾಡಿಗೆ ಕೋಣೆಯಲ್ಲೇ ಬಿಟ್ಟು ಬಂದಿದ್ದರಿಂದ ನಕ್ಷೆಯನ್ನು ಅವನೇ ಓದಿ ಹೇಳಬೇಕಾಯಿತು.

“ನಡುವೆ ತೊಟ್ಟಿ ದೊಡ್ಡಮ್ಮ. ಸುತ್ತ ಮರದ ಕಂಬ. ಮೇಲೆ ಮಂಗಳೂರು ಹೆಂಚು, ಮುಂದೆ ಜಗುಲಿ. ನಮ್ಮ ಹಳೇ ಮನೆ ಹೇಗಿತ್ತೋ ಹಾಗೇ.”

“ನಮ್ಮನೇಲಿ ತೊಟ್ಟಿ ಯಾವಾಗ ಇತ್ತಪ್ಪಾ?”

ಹುಡುಗ ಸುಮ್ಮನಾದ. ನಿಜವೇ. ಈ ಸೀಮೆಯಲ್ಲಿ ತೊಟ್ಟಿಮನೆ ಕಟ್ಟಿಸಿದವರು ಗೌಡರು, ಶಾನುಭೋಗರು, ನಾಲ್ಕು ಜನ ಆಳು ಇಟ್ಟುಕೊಂಡ ಜಮೀನ್ದಾರರು. ಉಳಿದವರದು ಸಾಲುಮನೆ: ಜಗುಲಿ, ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು, ಒಂದರ ಬೆನ್ನಿಗೆ ಒಂದು. ಮುಂಬಾಗಿಲಲ್ಲಿ ನಿಂತರೆ ಹಿತ್ತಿಲ ಬಾಗಿಲು ಕಾಣುತ್ತಿತ್ತು. ಅವನ ತೊಟ್ಟಿ ಬಂದದ್ದು ಮೊಬೈಲಿನ ಚಿತ್ರಗಳಿಂದ, ಮತ್ತೆ ಕಾಲೇಜಿನ ಪ್ರವಾಸದಲ್ಲಿ ನೋಡಿದ ಕುಪ್ಪಳಿಯ ಕವಿಮನೆಯಿಂದ.

“ಕುಪ್ಪಳಿ ನಾನೂ ನೋಡಿದೀನಿ ಕಣೋ. ಸಂಘದ ಹೆಂಗಸ್ರು ಬಸ್ ಮಾಡ್ಕೊಂಡು ಹೋಗಿದ್ವಿ. ಎಲ್ರೂ ಕಂಬ ನೋಡ್ತಿದ್ರು, ನಾನು ನೆಲ ನೋಡ್ತಿದ್ದೆ. ಇಷ್ಟಗಲ ನೆಲ ಗುಡಿಸಿ ಸಾರಿಸ್ತಿದ್ದೋರು ಯಾರು ಅಂತ.”

“ಗುಡಿಸೋಕೆ ಜನ ಇಟ್ಟುಕೊಂಡರಾಯ್ತು.”

“ತ್ವಾಟದಲ್ಲಿ ಬಿದ್ದ ಕಾಯಿ ಆಯೋಕೇ ಜನ ಸಿಕ್ಕಲ್ಲ, ಇನ್ನು ತೊಟ್ಟಿ ಗುಡಿಸೋಕೆ ಬರ್ತಾರಾ? ಹೆಂಚಿನ ಮಾತು ಬಿಡು. ಕೋತಿ ಹಿಂಡು ಒಂದ್ಸಲ ಮ್ಯಾಲೆ ಓಡಾಡಿದ್ರೆ ಸಾಕು, ಮಳೆಗಾಲವೆಲ್ಲ ಬಕೀಟು ಇಟ್ಕೊಂಡು ಕೂತಿರಬೇಕು.”

ಜರ್ಮನಿಯ ಪ್ಲೆಬ್ಸ್ಟ್ ಎಂಬ ಮಿಷನರಿ 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರು ಮಾಡಿದಾಗ, ನಾಡಹೆಂಚಿಗಿಂತ ಹಗುರವಾದ, ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹೆಂಚು ದೊಡ್ಡ ಹೊಸತು. ಕೋತಿಯ ಲೆಕ್ಕ ಅದರಲ್ಲಿ ಇರಲಿಲ್ಲ. ಕಾಡು ಕರಗಿದಂತೆ ಕೋತಿಗೆ ಎಳನೀರು ಊಟವಾಯಿತು, ಹೆಂಚಿನ ಮಾಡು ದಾರಿಯಾಯಿತು.

ಹಾಗೆಂದು ಹುಡುಗ ಬಿಡಲಿಲ್ಲ. “ಹಳೇ ನಡುಮನೇಲಿ ಮಧ್ಯಾಹ್ನವೂ ದೀಪ ಹಾಕಬೇಕಿತ್ತಲ್ಲ? ನಾಲ್ಕೂ ಕಡೆ ಕೋಣೆ ಬಂದರೆ ನಡುವೆ ಕತ್ತಲೆ ಗ್ಯಾರಂಟಿ. ತೊಟ್ಟಿ ಶೋಕಿಗಲ್ಲ. ಬೆಳಕಿಗೆ. ಬಿಸಿಗಾಳಿ ಮೇಲೆ ಹೋಗೋಕೆ.”

“ಅದಕ್ಕೆ ಗಾಜಿನ ಹೆಂಚು ಇತ್ತು. ಒಂದೇ ಒಂದು.”

ಆ ಗಾಜಿನ ಹೆಂಚಿನ ಬಗ್ಗೆ ಮಾತು ಸ್ವಲ್ಪ ಹೊತ್ತು ನಿಂತಿತು. ಬೆಳಗ್ಗೆ ಹತ್ತರ ಸುಮಾರಿಗೆ ಒಂದು ಚೌಕ ಬಿಸಿಲು ಪಡುವಣ ಗೋಡೆಯ ಮೇಲೆ ಬೀಳುತ್ತಿತ್ತು, ಮೆಲ್ಲಗೆ ಇಳಿದು ಕಡಪ ಕಲ್ಲಿನ ನೆಲಕ್ಕೆ ಬಂದು ಒರಳಿನ ಹತ್ತಿರ ಹೋದರೆ ಮಧ್ಯಾಹ್ನದ ಹಿಟ್ಟಿಗೆ ಎಸರಿಡುವ ಹೊತ್ತು. ಗಡಿಯಾರ ನಿಂತಾಗಲೂ ಆ ಮನೆಯಲ್ಲಿ ಊಟ ತಡವಾಗಲಿಲ್ಲ. ಹುಡುಗನಿಗೂ ಅದು ನೆನಪಿತ್ತು. ಆ ಬಿಸಿಲಿನಲ್ಲಿ ತೇಲುತ್ತಿದ್ದ ಧೂಳು ಹಿಡಿಯಲು ಹೋಗುತ್ತಿದ್ದನಂತೆ. ತೊಟ್ಟಿಯ ವಾದಕ್ಕೆ ಇದರಿಂದ ಬಲ ಬಂತೋ, ಹೋಯಿತೋ, ಇಬ್ಬರಿಗೂ ತಿಳಿಯಲಿಲ್ಲ.

ಅಡುಗೆಮನೆಯ ವಿಷಯಕ್ಕೆ ಬಂದಾಗ ಮಾತಿಗೆ ಖಾರ ಬಂತು.

“ಓಪನ್ ಕಿಚನ್. ಹಾಲಿಗೂ ಅಡುಗೆಮನೆಗೂ ನಡುವೆ ಗೋಡೆ ಇರಲ್ಲ. ನೀನು ಅಡುಗೆ ಮಾಡ್ತಾನೇ ಟಿ.ವಿ. ನೋಡಬಹುದು.”

“ಒಣಮೆಣಸಿನಕಾಯಿ ಒಗ್ಗರಣೆ ಹಾಕ್ದಾಗ ಟಿ.ವಿ. ನೋಡೋರೆಲ್ಲ ಎದ್ದು ಹೋಗ್ತಾರೆ, ನಾನೊಬ್ಳೇ ನೋಡ್ಬೋದು. ಆಗ್ಲಿ. ಕಟ್ಟೆ ಎಷ್ಟು ಎತ್ರ?”

“32 ಇಂಚು. ಎಲ್ಲರ ಮನೇಲೂ ಅಷ್ಟೇ.”

“ಅದ್ರ ಮ್ಯಾಲೆ ಒಲೆ. ಒಲೆ ಮ್ಯಾಲೆ ಪಾತ್ರೆ. ಹಿಟ್ಟು ತಿರುವೋದು ಹೆಂಗೆ?”

ನಗರದ ನಕ್ಷೆಗಾರರಿಗೆ ಈ ಪ್ರಶ್ನೆ ಹೊಳೆಯದು. ರಾಗಿ ಮುದ್ದೆ ಕೈಯಿಂದ ಆಗುವ ಅಡುಗೆಯಲ್ಲ, ಭುಜದಿಂದ ಆಗುವುದು. ಕುದಿಯುವ ಎಸರಿಗೆ ಹಿಟ್ಟು ಸುರಿದು, ಬೆಂದ ಮೇಲೆ ಕವೆಗೋಲಿನಿಂದ ಪಾತ್ರೆ ಅದುಮಿ ಹಿಡಿದು, ಮುದ್ದೆಕೋಲನ್ನು ಎರಡೂ ಕೈಲಿ ಹಿಡಿದು ಮೈಭಾರವನ್ನೆಲ್ಲ ಮೇಲಿಂದ ಕೆಳಕ್ಕೆ ಬಿಟ್ಟರಷ್ಟೇ ಗಂಟಿಲ್ಲದೆ ಕೂಡುತ್ತದೆ. 32 ಇಂಚಿನ ಕಟ್ಟೆ, ಅದರ ಮೇಲೆ ಅರ್ಧ ಅಡಿ ಒಲೆ, ಮುಕ್ಕಾಲು ಅಡಿ ಪಾತ್ರೆ ಸೇರಿದರೆ ಪಾತ್ರೆಯ ಬಾಯಿ ನಾಲ್ಕು ಅಡಿಯ ಹತ್ತಿರ ಬರುತ್ತದೆ. ಐದಡಿಯ ಹೆಂಗಸಿಗೆ ಅದು ಎದೆಮಟ್ಟ. ಮೈಭಾರ ಬಿಡುವುದಿರಲಿ, ತೋಳೆತ್ತಿಕೊಂಡೇ ತಿರುವಬೇಕು. ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಮುದ್ದೆಯ ಪಾತ್ರೆ ನೆಲಕ್ಕಿಳಿದದ್ದು ಇದಕ್ಕೇ. ಗ್ಯಾಸಿನ ಮೇಲೆ ಬೇಯಿಸುವುದು, ಇಳಿಸಿ ಕೂತು ತಿರುವುವುದು. ಬಿಸಿ ಪಾತ್ರೆ ಹಿಡಿದು ಬಗ್ಗಿ ಏಳುವ ಆ ಸರ್ಕಸ್ಸು ಮಂಡಿನೋವಿನವರಿಗೆ ದಿನಕ್ಕೆರಡು ಸಲ.

“ಈ ಜಗುಲಿ ಎತ್ರ ನೋಡು. ಒಂದೂವರೆ ಅಡಿ. ಒಂದು ಮೂಲೇಲಿ ಇಷ್ಟೆತ್ರ ಕಟ್ಟೆ ಕಟ್ಟಿ, ಅಲ್ಲೊಂದು ಒಲೆ ಇಡು. ಮಿಕ್ಕಿದ್ದು ನೀನು ಎಷ್ಟೆತ್ರಕ್ಕಾದ್ರೂ ಕಟ್ಟಿಸ್ಕೋ.”

ಹುಡುಗ ಮೊಬೈಲಿನಲ್ಲಿ ಬರೆದುಕೊಂಡ. ಅಡುಗೆಮನೆಯ ಗೋಡೆಯೂ ವಾಪಸು ಬಂತು. ಆದರೆ ಗೋಡೆಯಲ್ಲಿ ಒಂದು ಕಿಂಡಿ ಇರಲಿ ಎಂದು ಅವನು ಪಟ್ಟು ಹಿಡಿದ. ಅವನ ಮಾತಿನಲ್ಲೂ ಹುರುಳಿತ್ತು: “ನಾವು ಹಾಲಲ್ಲಿ ಕೂತು ನಗ್ತಿರ್ತೀವಿ, ನೀವಿಬ್ಬರು ಒಳಗೆ ಏನಾಯ್ತು ಏನಾಯ್ತು ಅಂತ ಕೂಗ್ತಿರ್ತೀರಿ. ನಲವತ್ತು ವರ್ಷ ಹಾಗೇ ಆಯ್ತಲ್ಲ ದೊಡ್ಡಮ್ಮ.” ದೊಡ್ಡಮ್ಮ ಇದಕ್ಕೆ ಉತ್ತರ ಕೊಡಲಿಲ್ಲ. ಎಲೆಗೆ ಸುಣ್ಣ ಹಚ್ಚಿಕೊಂಡರು.

ಮುಂದಿನದು ಅಟ್ಟ. ಈ ನಾಡಿನ ಮನೆಗಳ ಅಸಲಿ ಯಜಮಾನ ಅದು. ತಿಪಟೂರಿನ ಉಂಡೆ ಕೊಬ್ಬರಿ ಬಿಸಿಲಿಗೆ ಹರಡಿದ ಕೊಬ್ಬರಿಯಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವು ಸಲ ವರ್ಷವೇ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಅಷ್ಟು ದಿನ ಕಾಯಿಗೆ ಕೆಳಗಿಂದಲೂ ಮೇಲಿಂದಲೂ ಗಾಳಿ ಬೇಕು. ಅದಕ್ಕೇ ಸಂದು ಬಿಟ್ಟು ಜೋಡಿಸಿದ ತೀರು, ದಬ್ಬೆ. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಕಾವು. ಅಂದರೆ ಮನೆಯ ಅತ್ಯುತ್ತಮ ಜಾಗ ಕಾಯಿಯದು, ಅದರ ಕೆಳಗೆ ಮನುಷ್ಯರ ವಾಸ.

“ಅಟ್ಟ ಇರುತ್ತೆ. ಆದರೆ ಅಲ್ಲಿ ನನ್ನ ಕೋಣೆ. ಆಫೀಸ್ ಕೆಲಸಕ್ಕೆ.”

“ತಿಂಗ್ಳಿಗೆ ನಾಲ್ಕು ದಿನ ಬರೋನಿಗೆ ಒಂದು ಕೋಣೆ. ವರ್ಷಪೂರ್ತಿ ಇರೋ ಕಾಯಿಗೆ?”

“ಕೊರೊನಾದಲ್ಲಿ ಇಲ್ಲೇ ಇದ್ದೆನಲ್ಲ, ಮರೆತೆಯಾ? ಪಡಸಾಲೇಲಿ ಕೂತು ಮೀಟಿಂಗ್ ಮಾಡ್ತಿದ್ರೆ ಮೇಲೆ ಇಲಿ ಕಾಯಿ ಉರುಳಿಸ್ತಿತ್ತು. ಏನು ಸದ್ದು ಅಂತ ಅಮೆರಿಕದೋರು ಕೇಳೋರು. ಕೆಲಸ ಮಾಡೋನಿಗೆ ಬಾಗಿಲು ಹಾಕ್ಕೊಳ್ಳೋ ಜಾಗ ಬೇಕು. ಆರ್.ಕೆ. ನಾರಾಯಣ್ ಗೊತ್ತಲ್ಲ, ‘ಮಾಲ್ಗುಡಿ’ಯೋರು. ಮೈಸೂರಿನ ಯಾದವಗಿರೀಲಿ ಮನೆ ಕಟ್ಟಿಸಿದಾಗ ಬರೆಯೋಕೆ ಅಂತಲೇ ಎಂಟು ಕಿಟಕಿಯ ಕೋಣೆ ಮಾಡಿಸಿಕೊಂಡರು. ಸಂಸಾರ ಲಕ್ಷ್ಮೀಪುರದ ಮನೇಲಿ, ಬರೆಯೋದು ಇಲ್ಲಿ.”

“ಎಂಟು ಕಿಟಕಿ ಇಟ್ಕೊಂಡು ಬರೀತಿದ್ರೋ, ರಸ್ತೆ ನೋಡ್ತಿದ್ರೋ?”

“ಎರಡೂ.”

ಹಾಸ್ಯ ಮುಗಿದ ಮೇಲೆ ಲೆಕ್ಕ ಶುರುವಾಯಿತು. ಹೊಸ ಅಟ್ಟದ ನೆಲ ಮರದ್ದಲ್ಲ, ಕಾಂಕ್ರೀಟಿನದು. ಮಟ್ಟೆ ಸಮೇತದ ಕಾಯಿ ಒಂದು ಕಿಲೋ ಆಸುಪಾಸು. ಮನೆಯ ಆರ್‌ಸಿಸಿ ಚಪ್ಪಡಿಯನ್ನು ಎಂಜಿನಿಯರುಗಳು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 200 ಕಿಲೋ ಹೊರೆಗೆ ಲೆಕ್ಕ ಹಾಕುತ್ತಾರೆ. ಮಂಚ, ಬೀರು, ಓಡಾಡುವ ಜನ, ಎಲ್ಲ ಅದರಲ್ಲೇ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ ಅಂದರೆ 11 ಚದರ ಮೀಟರು, ಎರಡು ಟನ್ನು ಚಿಲ್ಲರೆ. ಎರಡು ಸಾವಿರ ಕಾಯಿಗೆ ಅದರ ಶಕ್ತಿ ಮುಗಿಯಿತು. ಈ ಮನೆಯ ಕಾಯಿ ಒಂದು ಕೀಳಿಗೇ ಅದಕ್ಕಿಂತ ಹೆಚ್ಚು. ಹೆಚ್ಚಿನ ಹೊರೆಗೆಂದೇ ಲೆಕ್ಕ ಹಾಕಿಸಿ ಕಟ್ಟಿಸಬಹುದು, ಕಬ್ಬಿಣದ ಖರ್ಚೂ ಏರುತ್ತದೆ. ಅಷ್ಟಾದರೂ ಚಪ್ಪಡಿಗೆ ಸಂದಿಲ್ಲ, ಕೆಳಗಿನ ಸಾಲಿನ ಕಾಯಿ ಉಸಿರು ಕಟ್ಟಿ ಕೊಳೆಯುತ್ತದೆ.

“ಅದಕ್ಕೇ ಹೇಳ್ತಿರೋದು, ಕಾಯಿಗೆ ಬೇರೆ ಶೆಡ್ ಹಾಕೋಣ, ತೋಟದಲ್ಲಿ,” ಅಂದ ಹುಡುಗ. “ಅಟ್ಟಕ್ಕೆ ಬೆಂಕಿ ಬಿದ್ದು ಮನೇನೇ ಹೋದದ್ದು ಈ ಕಡೆ ಎಷ್ಟು ಸಲ ಕೇಳಿಲ್ಲ?”

“ತ್ವಾಟದ ಶೆಡ್ಡಲ್ಲಿ ರಾತ್ರಿ ಯಾರು ಮಲಗ್ತಾರೆ? ನೀನಾ? ನಾನಾ?”

ಇದು ಸುಮ್ಮನೆ ಹಠವಲ್ಲ. 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ ₹12,100. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ದರ ಅದರ ಎರಡು ಪಟ್ಟನ್ನೂ ದಾಟಿತು. ಅಟ್ಟದಲ್ಲಿ ಕಾಯಿ ಇಟ್ಟು ಕಾದವರು ಗೆದ್ದರು, ಹಸಿಗಾಯಿಯನ್ನೇ ಕೊಟ್ಟವರು ಕೈ ಹಿಸುಕಿಕೊಂಡರು. ಅಟ್ಟ ಈ ಸೀಮೆಯಲ್ಲಿ ಉಗ್ರಾಣವಷ್ಟೇ ಅಲ್ಲ, ಬ್ಯಾಂಕು. ಬ್ಯಾಂಕನ್ನು ಊರಾಚೆ ಇಟ್ಟು ಮನೆಯಲ್ಲಿ ಮಲಗು ಎಂದರೆ ನಿದ್ದೆ ಬರುವುದಿಲ್ಲ.

ಆದರೆ ದೊಡ್ಡಮ್ಮನ ಪಕ್ಷದಲ್ಲೂ ಒಂದು ಕಂಬ ಸಡಿಲವಾಗಿತ್ತು. ಗ್ಯಾಸ್ ಬಂದ ಮೇಲೆ ಅಡುಗೆಮನೆಯಲ್ಲಿ ಹೊಗೆಯೇ ಇಲ್ಲ. ಒಲೆ ಉಳಿದಿರುವುದು ಬಚ್ಚಲಿನ ಹಂಡೆಯ ಕೆಳಗೆ, ಹೆಡೆಮಟ್ಟೆ ಉರಿಸಲು. ಹೊಗೆಗೆಂದು ಅಡುಗೆಮನೆಯ ಮೇಲಿದ್ದ ಅಟ್ಟಕ್ಕೆ ಈಗ ಆ ಕಾರಣ ಇಲ್ಲ. ಹುಡುಗ ಅದನ್ನು ಎತ್ತಿ ಹೇಳಿದಾಗ ಅವರು ಒಪ್ಪಿದರು, ಬೇರೆ ದಾರಿಯಿಂದ: “ಹೊಗೆ ಹೋಗಿದ್ದು ಒಳ್ಳೇದೇ ಆಯ್ತು. ನಿಮ್ಮಜ್ಜಿ ಕೊನೇಗಾಲ್ದಲ್ಲಿ ಕೆಮ್ಮಿದ್ದು ನೀನು ಕೇಳಿಲ್ಲ.”

ಅಂಥ ಹೊಗೆಗೆ ಮದ್ದು ಹುಡುಕಿದವರೂ ಉಂಟು. ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡದವರು ಕೇಂದ್ರ ತೆರೆದು ಹೊಗೆ ಕಡಿಮೆಯ ಒಲೆ, ಮಣ್ಣಿನ ಇಟ್ಟಿಗೆ ಅಂತೆಲ್ಲ ಕೆಲಸ ಮಾಡಿದ್ದರು. 1974ರಲ್ಲಿ ಹುಟ್ಟಿದ ಆ ಗುಂಪಿಗೆ ತಿಳಿದದ್ದು ಇದೇ: ಹಳ್ಳಿಯ ಒಲೆಯ ಸಮಸ್ಯೆ ಬಗೆಹರಿಸಬೇಕಾದರೆ ಬೆಂಗಳೂರಲ್ಲಿ ಕೂತರೆ ಆಗದು.

ಬಚ್ಚಲು, ಕಕ್ಕಸಿನ ವಿಷಯದಲ್ಲಿ ಇಬ್ಬರೂ ಜಾಗ ಬದಲಿಸಿಕೊಂಡರು. ಹಳೆಯ ಮನೆಯಂತೆ ಎರಡೂ ಹಿತ್ತಿಲಲ್ಲೇ ಇರಲಿ, ಒಳಗೆ ಬೇಡ ಎಂದು ಅವನು ಬರೆಸಿದ್ದ. ಅವರು ನಕ್ಕುಬಿಟ್ಟರು.

“ನಿನ್ನ ವಯಸ್ಸಲ್ಲಿ ಹಿತ್ಲು ಹತ್ರ. ನನ್ನ ವಯಸ್ಸಲ್ಲಿ, ರಾತ್ರಿ ಎರಡು ಗಂಟೇಲಿ, ಮಳೆ ಬರ್ವಾಗ, ಟಾರ್ಚ್ ಹಿಡ್ಕೊಂಡು ಹೋಗಿ ನೋಡು. ಮಂಚದಿಂದ ಎಂಟ್ಹೆಜ್ಜೆ, ಅಷ್ಟೇ. ಕೂರೋದು ಕುರ್ಚಿ ಥರದ್ದು. ಬಾಗ್ಲು ಮೂರಡಿ. ಆಮೇಲೆ ತಳ್ಳೋ ಕುರ್ಚಿ ಬಂದ್ರೆ ಗೋಡೆ ಒಡೀಬೇಕಾಗ್ತದೆ.”

“ಆದರೆ ಅಮ್ಮ ದೇವರಮನೆ ಗೋಡೆಗೆ ತಾಗಬಾರದು ಅಂತಾಳೆ.”

“ದೇವ್ರನ್ನ ಆ ಕಡೆ ಸರ್ಸು. ದೇವ್ರಿಗೆ ಮಂಡಿನೋವಿಲ್ಲ.”

ಅಲ್ಲಿಂದ ಮಾತು ಆಯಕ್ಕೆ ಹೊರಳಿತು. ಹುಡುಗನ ನಕ್ಷೆ 28ಕ್ಕೆ 36 ಅಡಿ, ಹತ್ತು ಚದರ. ದೊಡ್ಡಮ್ಮ ಆಗಲೇ ಊರ ಐನೋರ ಹತ್ತಿರ ಕೇಳಿ ಬಂದಿದ್ದರು: ಕಾಕಾಯ ಬರುತ್ತೆ, ಬೇಡ.

ಆಯದ ಲೆಕ್ಕ ಹೀಗಿದೆ. ಉದ್ದ ಅಗಲ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜಾಯ, ಮೂರು ಸಿಂಹ, ಐದು ವೃಷಭ, ಏಳು ಗಜ. ಇವು ಒಳ್ಳೆಯವು. ಸಮಸಂಖ್ಯೆ ಉಳಿದರೆ, ಏನೂ ಉಳಿಯದೆ ಕಾಕಾಯವಾದರೆ ಕೆಟ್ಟದ್ದು. ಹುಡುಗ ಜಗುಲಿಯ ಮೇಲೆ ಇದ್ದಿಲಲ್ಲಿ ಬರೆದು ತೋರಿಸಿದ: “ಒಂಬತ್ತು ಅಂದರೆ ಎಂಟು ಪ್ಲಸ್ ಒಂದು. ಎಂಟರಿಂದ ಭಾಗಿಸುವಾಗ ಒಂಬತ್ತರಿಂದ ಗುಣಿಸಿದರೂ ಒಂದೇ, ಬಿಟ್ಟರೂ ಒಂದೇ. ಶೇಷ ಬದಲಾಗಲ್ಲ. ಶೇಷ ಬೆಸ ಬರಬೇಕಾದರೆ ಉದ್ದವೂ ಅಗಲವೂ ಬೆಸ ಇರಬೇಕು. ಇಷ್ಟಕ್ಕೆ ಐನೋರು ಯಾಕೆ?”

“ಹಂಗಾದ್ರೆ 27ಕ್ಕೆ 35 ಮಾಡು. ಏನು ಕಳ್ಕೊಂಡಂಗಾಯ್ತು?”

ಅವನು ಲೆಕ್ಕ ಹಾಕಿದ. 945 ಚದರಡಿ, ಶೇಷ ಒಂದು, ಧ್ವಜಾಯ. 63 ಚದರಡಿ ಕಟ್ಟಡದ ಖರ್ಚೂ ಉಳಿಯಿತು. ಶಾಸ್ತ್ರ ಗೆದ್ದಿತೋ ಗಣಿತ ಗೆದ್ದಿತೋ, ಇಬ್ಬರೂ ಮುಖದಲ್ಲಿ ಗೆಲುವು ತೋರಿಸಿದರು. ಆಗ್ನೇಯದ ಅಡುಗೆಮನೆಗೂ ಇದೇ ಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬೀಸುವುದರಿಂದ ಒಗ್ಗರಣೆ ಘಾಟು ಆಚೆ ಹೋಗುತ್ತದೆ ಎಂದು ಅವನೇ ಸಮರ್ಥಿಸಿದ. ಚಳಿಗಾಲದಲ್ಲಿ ಮೂಡಗಾಳಿ ಅದನ್ನೇ ಒಳಗೆ ತಳ್ಳುತ್ತದೆ ಎಂದು ಅವರು ಹೇಳಿದರು.

ಕೊನೆಗೆ ದೊಡ್ಡಮ್ಮನೇ ಸೂಚಿಸಿದರು: ಮೊಬೈಲು ಬಿಡು, ನೆಲದ ಮೇಲೆ ಹಾಕು. ಅಂಗಡಿಯಿಂದ ಸುಣ್ಣದ ಪುಡಿ ಬಂತು. ಮೇಸ್ತ್ರಿಗಳು ಪಾಯ ತೆಗೆಯುವ ಮುಂಚೆ ಗುರುತು ಹಾಕುವ ಹಾಗೆ, ಹಗ್ಗ ಗೂಟ ಹಿಡಿದು ಅಂಗಳದಲ್ಲಿ ಇಡೀ ಮನೆಯನ್ನು ಅಳತೆಗೆ ಸರಿಯಾಗಿ ಬರೆದರು. ಅವರು ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಇಲ್ಲದ ಬಾಗಿಲುಗಳಲ್ಲಿ ಹಾದು ಹೋದರು. ಅಡುಗೆಮನೆಯಿಂದ ಹಿತ್ತಿಲಿಗೆ ಹೋಗಲು ಹಾಲು ಸುತ್ತಬೇಕಿತ್ತು. “ದಿನಕ್ಕೆ ಇಪ್ಪತ್ಸಲ,” ಅಂದು ಒಂದು ಗೆರೆಯನ್ನು ಕಾಲಿನಿಂದ ಒರೆಸಿದರು. ಅಲ್ಲಿ ಬಾಗಿಲಾಯಿತು. ಮಲಗುವ ಕೋಣೆಯಲ್ಲಿ ಹುಡುಗ ನಿಜವಾದ ಮಂಚವನ್ನೇ ತಂದು ಇಟ್ಟ. ಇಟ್ಟ ಮೇಲೆ ಬೀರುವಿನ ಬಾಗಿಲು ತೆರೆಯಲು ಜಾಗ ಉಳಿಯಲಿಲ್ಲ. ಮೊಬೈಲಿನಲ್ಲಿ ಎಲ್ಲವೂ ಹಿಡಿಸಿತ್ತು.

ಮುಂದೆ, ಜಗುಲಿ ಇರಬೇಕಾದ ಕಡೆ, ದೊಡ್ಡ ಚೌಕವೊಂದಿತ್ತು.

“ಇದು ಯಾರ ಕೋಣೆ?”

“ಕಾರಿಗೆ.”

ರಾಷ್ಟ್ರೀಯ ಕಟ್ಟಡ ಸಂಹಿತೆ ಮನುಷ್ಯ ವಾಸಿಸುವ ಕೋಣೆ ಒಂದೇ ಇದ್ದರೆ ಅದಕ್ಕೆ ಕನಿಷ್ಠ 9.5 ಚದರ ಮೀಟರು ಇರಲಿ ಎನ್ನುತ್ತದೆ. ಕಾರು ನಿಲ್ಲಿಸುವ ಜಾಗಕ್ಕೆ 13.75. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಇಡೀ ಮನೆಯೇ, ಅಡುಗೆಯ ಜಾಗ ಸೇರಿ, ಕನಿಷ್ಠ 25 ಚದರ ಮೀಟರು. ಎರಡು ಕಾರು ನಿಲ್ಲಿಸುವಷ್ಟೂ ಇಲ್ಲ.

“ಕಾರು ಆ ಹೊಂಗೆಮರದ ಕೆಳ್ಗೆ ನಿಲ್ಲಿಸು,” ಅಂದರು ದೊಡ್ಡಮ್ಮ. ತೆಂಗಿನ ಮರದ ಕೆಳಗೆ ಎಂದು ಅಪ್ಪಿತಪ್ಪಿಯೂ ಹೇಳಲಿಲ್ಲ, ಈ ಸೀಮೆಯವರಲ್ಲವೇ. ಜಗುಲಿ ವಾಪಸು ಬಂತು. ಅದನ್ನು ಕೇಳಿದವನು ಅವನೇ ಆಗಿದ್ದರೂ ಅದನ್ನು ಕಾರಿಗೆ ಬಿಟ್ಟುಕೊಟ್ಟವನೂ ಅವನೇ. ನಕ್ಷೆಗಳಲ್ಲಿ ಹೀಗೇ ಆಗುತ್ತದೆ.

ಸಂಜೆಯ ಹೊತ್ತಿಗೆ ಹುಡುಗನಿಗೆ ಬಾಲಕೃಷ್ಣ ದೋಶಿ ನೆನಪಾದರು. ಬೆಂಗಳೂರಿನ ಐಐಎಂ ಕಟ್ಟಡ ರೂಪಿಸಿದ ಅದೇ ದೋಶಿ ಇಂದೋರಿನ ಅರಣ್ಯ ಬಡಾವಣೆಯಲ್ಲಿ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ಕೆಲವರಿಗೆ ಪಾಯ, ನೀರು, ಕಕ್ಕಸು, ಕೆಲವರಿಗೆ ಒಂದು ಕೋಣೆ. ಉಳಿದದ್ದನ್ನು ಸಂಸಾರ ಬೆಳೆದಂತೆ ಜನರೇ ಸೇರಿಸಿಕೊಂಡರು. 1995ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು.

“ನಾವೂ ಹಾಗೇ ಮಾಡೋಣ. ಈಗ ಕೆಳಗಿನದು. ನನ್ನ ಕೋಣೆ ಆಮೇಲೆ, ನಾನು ಇಲ್ಲಿಗೇ ಬರೋದಾದರೆ.”

“ಬರ್ತೀಯಾ?”

“ಗೊತ್ತಿಲ್ಲ.”

“ಹಂಗಾದ್ರೆ ಮೆಟ್ಲಿಗೆ ಜಾಗ ಬಿಡು. ಮೆಟ್ಲು ಕಟ್ಟಿಸ್ಬೇಡ.”

ಅಂಗಳದಲ್ಲಿ ಈಗ ಇರುವುದಿಷ್ಟು. 27ಕ್ಕೆ 35ರ ಮನೆ. ಕೆಳಗೆ ಇಬ್ಬರಿಗೆ ಎರಡು ಕೋಣೆ, ಅವುಗಳ ನಡುವೆ ಮೂರಡಿ ಬಾಗಿಲಿನ ಬಚ್ಚಲು, ಒಂದೂವರೆ ಅಡಿಯ ಮುದ್ದೆ ಕಟ್ಟೆ. ಕಾಯಿಯ ಅಟ್ಟ ಮನೆಯಿಂದ ಇಪ್ಪತ್ತು ಹೆಜ್ಜೆ ದೂರ, ತೋಟದಲ್ಲಲ್ಲ, ಹಿತ್ತಿಲಲ್ಲೇ, ದೊಡ್ಡಮ್ಮನ ಕಿಟಕಿಗೆ ಕಾಣುವಂತೆ. ಹಾಲಿನ ನಡುವೆ ಆರಕ್ಕೆ ಆರಡಿಯ ಚೌಕವೊಂದು ಇನ್ನೂ ತೀರ್ಮಾನವಾಗದೆ ಉಳಿದಿದೆ. ಅವನು ಅದನ್ನು ತೊಟ್ಟಿ ಅನ್ನುತ್ತಾನೆ. ಅವರು ಮೇಲೊಂದು ಗಾಜು ಹಾಕಿಸಿ ಮುಚ್ಚು ಅನ್ನುತ್ತಾರೆ. ಮೇಸ್ತ್ರಿ ಸೋಮವಾರ ಬರುತ್ತಾನೆ.